ಮುನಿರಾಜಣ್ಣ ಬಚ್ಚಿಟ್ಟ ಊರು

ಸುಳ್ಳು ಹೇಳುವಾಗ ಮುನಿರಾಜಣ್ಣನ ಮೀಸೆ ಕೂಡ ಅಲ್ಲಾಡುತ್ತಿರಲಿಲ್ಲ. ಬಿಳೇಕಹಳ್ಳಿಯ ಹಿಂದೆ ಅವರಿಗೆ ಹತ್ತಾರು ಬಾಡಿಗೆ ಮನೆಗಳು. ಒಂದರಲ್ಲಿ ನಾನಿದ್ದೇನೆ, ಕ್ಯಾಬ್ ಓಡಿಸುತ್ತೇನೆ. ಮನೆ ನೋಡಲು ಬಂದವರಿಗೆ ಅವರು ಹೇಳುತ್ತಿದ್ದುದು ನನ್ನ ಕಿವಿಗೇ ಬೀಳುತ್ತಿತ್ತು.

"ಸೊಳ್ಳೆನಾ? ಎಲ್ಲಾ ಆ ಬೀದಿಗಂಟ ಬರ್ತವೆ ಮೇಡಂ. ಈ ಕಡೆ ಬರಲ್ಲ."

"ಯಾಕೆ ಅಂಕಲ್?"

"ಅಭ್ಯಾಸ ಇಲ್ಲ ಅವುಕ್ಕೆ."

ಬೆಳಕೇ ಬೀಳದ ಮನೆಯನ್ನು 'ಬೇಸಿಗೇಲಿ ಸಖತ್ ತಂಪು' ಎಂದು ಕೊಡುತ್ತಿದ್ದರು. ನನಗೂ ಹಾಗೇ ಕೊಟ್ಟರು.

ಒಮ್ಮೆ ಮನೆ ಖಾಲಿ ಮಾಡುತ್ತಿದ್ದ ಹುಡುಗನೊಬ್ಬ ಮುನಿರಾಜಣ್ಣನಿಗೆ ಫೋನಿನಲ್ಲಿ ಒಂದು ಊರು ತೋರಿಸಿದ. ತಮಿಳುನಾಡಿನ ಕಡೆ, ಬೆಟ್ಟದ ಮೇಲೆ, ಕೆರೆ ದಡದಲ್ಲಿ. ಹೆಸರು ನಾನು ಹೇಳುವುದಿಲ್ಲ.

"ಫೋಟೋದಲ್ಲಿ ಏನೂ ಗೊತ್ತಾಗಲ್ಲ ಅಂಕಲ್, ಹೋಗಿ ನೋಡ್ಬೇಕು," ಎಂದ.

ಮಾರನೇ ದಿನ ಮುನಿರಾಜಣ್ಣ ನನ್ನ ಬಾಗಿಲು ತಟ್ಟಿದರು. "ಗಾಡಿ ತೆಗಿ. ಮನೇಲಿ ಧರ್ಮಸ್ಥಳ ಅಂತ ಹೇಳಿದೀನಿ."

ರಸ್ತೆ ಮುಗಿದ ಮೇಲೂ ಗುಡ್ಡ ಹತ್ತಿ ನಡೆಯಬೇಕು. ತಿರುವು ದಾಟಿದರೆ ಕೆರೆ. ಅದರ ಸುತ್ತ ಒಂದಿಷ್ಟು ಹೆಂಚಿನ ಮನೆ, ಜಗಲಿಯಲ್ಲಿ ಒಣಹಾಕಿದ ಬೆಳ್ಳುಳ್ಳಿ. ನೀರಿನೊಳಗೂ ಒಂದು ಬೆಟ್ಟ ತಲೆಕೆಳಗಾಗಿ ನಿಂತಿತ್ತು. ಹುಡುಗ ಹೇಳಿದ್ದು ನಿಜ. ಆ ಗಾಳಿಯ ವಾಸನೆ ಫೋಟೋದಲ್ಲಿ ಬರುವುದಿಲ್ಲ. ಮುನಿರಾಜಣ್ಣ ಚಪ್ಪಲಿ ಬಿಟ್ಟು ನೀರಿಗಿಳಿದರು. ಪಂಚೆ ನೆನೆದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಜ್ಜಿಯೊಬ್ಬಳು ಟೀ ಕೊಟ್ಟು, ನಿಮ್ಮ ಊರಲ್ಲಿ ಏರಿ ಇದೆಯಾ ಎಂದು ತಮಿಳಿನಲ್ಲಿ ಕೇಳಿದಳು.

ಮುನಿರಾಜಣ್ಣ ಹರಕು ತಮಿಳಿನಲ್ಲಿ, ಇದೆ, ಅದರ ಮೇಲೆ ಬಸ್ ಓಡುತ್ತವೆ ಎಂದರು.

ಅಜ್ಜಿ ಬಿದ್ದು ಬಿದ್ದು ನಕ್ಕಳು. ಪಕ್ಕದ ಮನೆಯವರನ್ನೂ ಕರೆದು ಹೇಳಿದಳು. ಅವರೂ ನಕ್ಕರು.

"ಅಣ್ಣಾ, ತಮಿಳಲ್ಲಿ ಏರಿ ಅಂದ್ರೆ ಕೆರೆ," ಎಂದೆ.

ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ನಮ್ಮ ಬೀದಿಯಾಚೆ ಅದೀಗ ಬಸ್ ಓಡುವ ರಸ್ತೆ. ಕೆರೆ ಮುಚ್ಚಿ ಸೈಟು ಮಾಡಿದವರಲ್ಲಿ ಮುನಿರಾಜಣ್ಣನೂ ಒಬ್ಬರು. ನಾನು ಮಲಗುವುದೂ ಆ ಕೆರೆಯೊಳಗೇ.

ಅವರು ಲೋಟ ಕೆಳಗಿಟ್ಟರು. "ಹಂಗಾದ್ರೆ ಇಲ್ಲ ಅಂತ ಹೇಳು."

ವಾಪಸ್ ಬರುವಾಗ ದಾರಿಯಲ್ಲಿ ಒಂದೇ ಮಾತು. "ಬಾಯಿ ಬಿಟ್ಟೆ ಅಂದ್ರೆ ಮನೆ ಖಾಲಿ ಮಾಡಿಸ್ತೀನಿ. ನನ್ನ ಬಾಮೈದನಿಗೆ ಗೊತ್ತಾದ್ರೆ ಕೆರೆ ಸುತ್ತ ರೆಸಾರ್ಟ್ ಎಬ್ಬಿಸ್ತಾನೆ."

ಬಾಮೈದ ರಿಯಲ್ ಎಸ್ಟೇಟಿನವನು. ವಾಸನೆ ಹಿಡಿದು ಬಂದೇಬಿಟ್ಟ. "ಭಾವ, ಯಾವ್ದೋ ಊರಿಗೆ ಹೋಗಿದ್ರಂತೆ?"

"ದರಿದ್ರ ಊರು ಕಣೋ. ಜಿಗಣೆ, ಕರಡಿ. ಕಕ್ಕಸ್ಸೂ ಇಲ್ಲ."

ಅವನು ಭಾವನ ಫೋನ್ ಕಿತ್ತುಕೊಂಡು ಫೋಟೋ ನೋಡಿದ. "ಈ ಕೆರೆ ಯಾವ್ದು?"

"ಲಾಲ್‌ಬಾಗು."

"ಹಿಂದೆ ಬೆಟ್ಟ ಇದೆ?"

"ಲಾಲ್‌ಬಾಗಲ್ಲಿ ಬಂಡೆ ಇಲ್ವೇನೋ? ವಾಕಿಂಗ್ ಹೋಗು, ಕಾಣ್ತದೆ."

ಆಮೇಲೆ ಪ್ರತಿ ವರ್ಷ ನಾವು 'ಧರ್ಮಸ್ಥಳ'ಕ್ಕೆ ಹೋಗಿಬಂದೆವು. ಕೊನೇ ಸಲ ಅದೇ ದಡದಲ್ಲಿ ಕೂತು, "ನಾನು ಸತ್ರೆ ಬೂದಿ ಇಲ್ಲೇ ಬಿಡು," ಎಂದರು. ಈ ಸಲ ನಿಜ ಹೇಳುತ್ತಿದ್ದರು, ಮೀಸೆ ಅದುರುತ್ತಿತ್ತು.

ಈ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ಮೂರನೇ ದಿನ ಅವರ ಹೆಂಡತಿ ನನ್ನನ್ನು ಕರೆದರು.

"ಅಸ್ಥಿ ಎಲ್ಲಿ ಬಿಡ್ಬೇಕು ಅಂತ ನಿನ್ನ ಹತ್ರ ಏನಾದ್ರೂ ಹೇಳಿದ್ರೇನಪ್ಪ?"

ಪಕ್ಕದಲ್ಲಿದ್ದ ಬಾಮೈದ ಫೋನ್ ಜೇಬಿಗಿಟ್ಟು ನನ್ನ ಮುಖವನ್ನೇ ನೋಡಿದ.

"ಶ್ರೀರಂಗಪಟ್ಟಣ ಅಂದಿದ್ರು ಅಕ್ಕ," ಎಂದೆ.

ಮಡಕೆ ಹಿಡಿದುಕೊಂಡು ಬಾಮೈದನೇ ನನ್ನ ಪಕ್ಕ ಕೂತ. ಮೈಸೂರು ರಸ್ತೆಯಲ್ಲಿ ನನಗೆ ತಡೆಯಲಾಗಲಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ ಅಣ್ಣಾ," ಎಂದುಬಿಟ್ಟೆ.

"ಯಾರಿಗೋ?" ಎಂದ ಬಾಮೈದ.

"ಮುಂದಿನ ಲಾರಿಯವನಿಗೆ ಸಾರ್."