ಗಾಜಿನ ಮೇಲಿನ ಸುಣ್ಣ

ಯಶವಂತಪುರದಲ್ಲಿ ಮುಂದಿನ ರೈಲಿಗೆ ಎರಡು ಗಂಟೆ ಇತ್ತು. ಹಳೆಯ ಕಟ್ಟಡ ನೋಡುವ ಹುಚ್ಚಿನಿಂದ, ನಿಲ್ದಾಣದ ಹಿಂದಿನ ಹಳೆಯ ವಠಾರದ ತಾರಸಿಯನ್ನು ಒಳಗಿನಿಂದ ನೋಡಬಹುದೇ ಎಂದು ಕೇಳಿದಾಗ, ಮಹಡಿಯಲ್ಲಿ ಬಾಡಿಗೆಗಿರುವ ಶಕೀಲಾ ಅವರು ಒಳಗೆ ಕರೆದರು. ತೇಗದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಜೋಡಿಸಿ ಗಾರೆ ಹಾಕಿದ ಸೂರು. ನಡುವಿನ ತೊಲೆಗೆ ಸೀರೆಯ ಜೋಳಿಗೆ ಕಟ್ಟಿತ್ತು. ಅದರಲ್ಲಿ ಮಲಗಿದ್ದ ಮೊಮ್ಮಗಳನ್ನು ಅವರು ತೂಗುತ್ತಿದ್ದರು.

ಆ ತೊಲೆ ಗೋಡೆಗೆ ಸೇರುವ ಕಡೆ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಅಡ್ಡಲಾಗಿ ಅಂಟಿಸಿದ್ದರು. ಅದಕ್ಕೂ ಸುಣ್ಣ ಬಳಿದಿತ್ತು.

"ಇದೇನಮ್ಮಾ?"

"ಅಲ್ಲಿ ಬಿರುಕಿತ್ತು ಸಾರ್, ಮೇಸ್ತ್ರಿ ಹಾಕಿ ಹೋದ್ರು. ಗಾಜು ಒಡೆದ್ರೆ ಗೋಡೆ ಸರೀತಿದೆ ಅಂತ ಅರ್ಥ, ಅವತ್ತೇ ಮನೆ ಬಿಡಿ ಅಂದ್ರು. ದಿನಾ ನೋಡ್ತೀನಿ, ಏನೂ ಆಗಿಲ್ಲ."

"ಸುಣ್ಣ ಯಾಕೆ ಹೊಡೆಸಿದ್ರಿ?"

"ರಂಜಾನ್‌ಗೆ ಗೋಡೆಯೆಲ್ಲ ಬೆಳ್ಳಗಾಯ್ತು, ಅದೊಂದೇ ಧೂಳು ಹಿಡಿದು ಕೊಳಕಾಗಿ ಕಾಣ್ತಿತ್ತು. ನೀವೇನ್ ಇಂಜಿನಿಯರಾ, ಹಂಗ್ ನೋಡ್ತೀರಾ?" ಅವರು ನಕ್ಕರು.

ಅವರನ್ನು ಕೇಳಿ ಸ್ಟೂಲ್ ಹತ್ತಿದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಗಾಜು ಎರಡು ತುಂಡಾಗಿತ್ತು. ನಡುವಿನ ಸಂದಿಯ ತುಂಬ ಸುಣ್ಣ ಇಳಿದಿತ್ತು. ಅಂದರೆ ಹಬ್ಬಕ್ಕೆ ಮೊದಲೇ ಅದು ಒಡೆದಿತ್ತು. ಕೆಳಗೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಗೋಡೆಗೆ ಊರಿದ್ದ ನನ್ನ ಅಂಗೈಗೆ ಅದುರು ತಿಳಿಯಿತು.

"ಏನಾಯ್ತು ಸಾರ್?"

ಗಾಜು ಕಾಣುವಂತೆ ನಾನು ಪಕ್ಕಕ್ಕೆ ವಾಲಿದೆ. ಅವರು ಕತ್ತೆತ್ತಿ ನೋಡಿದರು. ತೂಗುತ್ತಿದ್ದ ಕೈ ನಿಂತಿತು. ಆಮೇಲೆ ಎರಡೂ ಕೈಗಳನ್ನು ಜೋಳಿಗೆಯ ಅಡಿಗೆ ಕೊಟ್ಟು, ತೊಲೆಗೆ ಒಂದಿಷ್ಟೂ ಎಳೆತ ಬೀಳದ ಹಾಗೆ, ಉಸಿರು ಹಿಡಿದು ಮಗುವನ್ನು ಎತ್ತತೊಡಗಿದರು.