ಗುಂಡಿಗೆ ಹದಿನೈದು ರೂಪಾಯಿ

ಆಂಜಿನಪ್ಪನ ಹತ್ತಿರ ಅಳತೆ ಟೇಪು ಇರಲಿಲ್ಲ. ಮನೆಗೆ ಕರೆಂಟು ಹಾಕಿಸಬೇಕು ಅಂತ ಯಾರಾದರೂ ಕರೆದರೆ ಸೈಕಲ್ಲು ಗೋಡೆಗೆ ಒರಗಿಸಿ, ಹೊಸಿಲಿಂದ ಅಡುಗೆಮನೆಯವರೆಗೆ ಒಂದು ಸಲ ನಡೆದು, ಕತ್ತೆತ್ತಿ ತೊಲೆಗಳನ್ನು ನೋಡಿ, ದರ ಹೇಳಿಬಿಡುತ್ತಿದ್ದ. ಒಂದು ದೀಪಕ್ಕೆ ಇಷ್ಟು, ಮೀಟರಿನ ಹಲಗೆಗೆ ಇಷ್ಟು, ಅರ್ತ್ ಗುಂಡಿಗೆ ಹದಿನೈದು ರೂಪಾಯಿ. ನಂದಿದುರ್ಗದ ಚಿನ್ನದ ಗಣಿಯಲ್ಲಿ ಹನ್ನೊಂದು ವರ್ಷ ಕರೆಂಟಿನ ಕೆಲಸ ಮಾಡಿ, ಮೇಸ್ತ್ರಿಯ ಜೊತೆ ಜಗಳ ಕಾದು, ಸಾವಿರದ ಒಂಬೈನೂರ ಐವತ್ತಾರರಲ್ಲಿ ಬಂಗಾರಪೇಟೆಗೆ ಬಂದು ಸ್ವಂತ ಕಸುಬು ಹಿಡಿದವನು. ಲೆಕ್ಕ ತಪ್ಪುವ ಆಸಾಮಿಯಲ್ಲ.

ಆದರೆ ಅವನಿಗೊಂದು ಕಾಯಿಲೆಯಿತ್ತು. ದರ ಕೇಳಿ ಎದುರಿಗಿದ್ದವರ ಮುಖ ಸಣ್ಣದಾದರೆ ತಡೆಯಲಾರ. ಏನಾದರೂ ಕಮ್ಮಿ ಮಾಡಲೇಬೇಕು. ವೈರಿನ ಬೆಲೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯವನ ಕೈಲಿತ್ತು, ತನ್ನ ಕೂಲಿಯೋ ಮೊದಲೇ ಅಷ್ಟಕ್ಕಷ್ಟೆ. ಇನ್ನು ಉಳಿದದ್ದು ಗುಂಡಿ. ಆಳುದ್ದ ತೋಡಿ, ಇದ್ದಿಲು ಉಪ್ಪು ತುಂಬಿ, ನಡುವೆ ಪೈಪು ನಿಲ್ಲಿಸಬೇಕು. ಎಲ್ಲಾದರೂ ವೈರು ಸವೆದು ಕಬ್ಬಿಣಕ್ಕೆ ಕರೆಂಟು ತಗುಲಿದರೆ, ಅದು ಮನುಷ್ಯರನ್ನು ಹಿಡಿಯದೆ ನೆಲಕ್ಕೆ ಇಳಿದುಹೋಗಲಿ ಅಂತ. ಆ ಕಡೆಯ ನೆಲವೋ ಬರೀ ಕಲ್ಲು, ಹಾರೆ ಹಿಡಿದರೆ ಒಂದು ದಿನ ಪೂರ್ತಿ ಬೇಕು. ಜನಕ್ಕೆ ದೀಪ ಕಾಣುತ್ತಿತ್ತು, ಗುಂಡಿ ಕಾಣುತ್ತಿರಲಿಲ್ಲ.

ಅರವತ್ತೊಂದರಲ್ಲಿ ಬೇತಮಂಗಲದ ರಸ್ತೆಯ ಒಂದು ಹಳ್ಳಿಗೆ ಕರೆಂಟು ಬಂತು. ಅಲ್ಲಿ ಅಕ್ಕಯ್ಯಮ್ಮ ಅಂತ ಹಾಲು ಮಾರುವ ಹೆಂಗಸು. ಮಗ ಗಣಿ ಕೆಲಸಕ್ಕೆ ಹೋಗಿಬರುತ್ತಿದ್ದ, ಮನೆಯ ಯಜಮಾನಿಕೆಯೆಲ್ಲ ಸೊಸೆ ಕದಿರಮ್ಮನದು. ಇಪ್ಪತ್ತೆರಡರ ಹುಡುಗಿ, ಬಾಯಿ ಅಂದರೆ ಬಾಯಿ!

“ಗುಂಡೀಗೆ ಅದಿನೈದು ರೂಪಾಯಾ? ಯಾಕಣ್ಣಾ, ಗುಂಡಿಯೊಳಗೇನು ದೀಪ ಉರೀತದಾ?” ಅಂದಳು.

“ಉರಿಯಲ್ಲ ತಾಯೀ. ಆದ್ರೂ ಅದು ಇರ್ಬೇಕು.”

“ಅದೇ ದುಡ್ಡಿಗೆ ಕೊಟ್ಟಿಗೇಲೊಂದು ದೀಪ ಆಕು. ಕತ್ತಲಲ್ಲಿ ಆಲು ಕರೆಯೋಕೆ ಕೂತ್ರೆ ಎಮ್ಮೆ ಯಾವ್ದು ಕಂಬ ಯಾವ್ದು ಗೊತ್ತಾಗಲ್ಲ ನಂಗೆ.”

“ಬಾಯಿ ನೋಡಪ್ಪಾ ಇವಳ್ದು!” ಅಂತ ಅಕ್ಕಯ್ಯಮ್ಮ ನಕ್ಕಳು. ಆಂಜಿನಪ್ಪನೂ ನಕ್ಕ. ನಕ್ಕ ಮೇಲೆ ಮುಗಿಯಿತಲ್ಲ!

“ಆಯ್ತು ಬಿಡಮ್ಮಾ, ಕೊಟ್ಟಿಗೇಗೂ ಆಕ್ತೀನಿ. ಗುಂಡಿ ಆಮೇಲೆ ನೋಡೋಣ. ಸುಗ್ಗಿ ಕಳೀಲಿ, ನಾನೇ ಬತ್ತೀನಿ.”

“ಮರೀಬೇಡಣ್ಣೋ!”

ಕರೆಂಟು ಆಫೀಸಿನಿಂದ ಪರೀಕ್ಷೆಗೆ ಬರುವ ಸಾಹೇಬರ ಕಣ್ಣಿಗೆ ಬೀಳಲಿ ಅಂತ ಗೋಡೆಯ ಬುಡದಲ್ಲಿ ಮೊಳದುದ್ದದ ಪೈಪಿನ ತುಂಡು ನೆಟ್ಟು ಅದಕ್ಕೊಂದು ತಂತಿ ಸುತ್ತಿದ. ಸಾಹೇಬರು ತಂತಿ ನೋಡಿ ರುಜು ಹಾಕಿ ಹೋದರು. ಸುಗ್ಗಿ ಕಳೆಯಿತು, ಇನ್ನೊಂದು ಸುಗ್ಗಿಯೂ ಕಳೆಯಿತು. ಹಳ್ಳಿ ಹಳ್ಳಿಗೆ ಕರೆಂಟು ಬರುತ್ತಿದ್ದ ಕಾಲ, ಆಂಜಿನಪ್ಪನಿಗೆ ಊಟ ಮಾಡಲು ಪುರುಸೊತ್ತಿಲ್ಲ. ಮರೆತೇಬಿಟ್ಟ ಮಾರಾಯ.

ಅರವತ್ತಮೂರರ ಬೇಸಿಗೆಯಲ್ಲಿ ಕದಿರಮ್ಮ ಸತ್ತಳು. ಬೀದಿಯ ಕಂಬದಿಂದ ಬಂದ ವೈರು ಮನೆಯೊಳಗೆ ಇಳಿಯುವ ಕಬ್ಬಿಣದ ಪೈಪಿಗೆ ಅವಳು ಬಟ್ಟೆ ಒಣಹಾಕುವ ತಂತಿ ಕಟ್ಟಿಕೊಂಡಿದ್ದಳು, ಇನ್ನೊಂದು ತುದಿ ಬೇವಿನ ಮರಕ್ಕೆ. ಎರಡು ವರ್ಷದ ಗಾಳಿಗೆ ವೈರು ಪೈಪಿನ ಬಾಯಿಗೆ ಉಜ್ಜಿ ಉಜ್ಜಿ ಸವೆದಿತ್ತು. ಒದ್ದೆ ಸೀರೆ ಹರವಲು ತಂತಿ ಹಿಡಿದವಳು ಬಿಡಲೇ ಇಲ್ಲ.

ಸುದ್ದಿ ಮುಟ್ಟಿ ಆಂಜಿನಪ್ಪ ಬರುವಷ್ಟರಲ್ಲಿ ಹೆಣ ಜಗಲಿಯ ಮೇಲಿತ್ತು. ಅವನು ನೇರ ಗೋಡೆಯ ಬುಡಕ್ಕೆ ಹೋಗಿ ಪೈಪಿನ ತುಂಡು ಹಿಡಿದು ಎಳೆದ. ಕಡಲೆಗಿಡ ಕಿತ್ತ ಹಾಗೆ ಕೈಗೆ ಬಂತು. ಯಾರೂ ನೋಡುತ್ತಿರಲಿಲ್ಲ. ಮತ್ತೆ ನೆಟ್ಟು ಕಾಲಲ್ಲಿ ತುಳಿದ.

“ಇವಳ ಮಾತಿಗೆ ಬೆಲೆ ಕೊಟ್ಟು ಕೊಟ್ಟಿಗೇಗೂ ದೀಪ ಆಕಿದ ಪುಣ್ಯಾತ್ಮ ಕಣ್ರೋ ಇವ್ನು,” ಅಂತ ಅಕ್ಕಯ್ಯಮ್ಮ ಅವನ ಕೈ ಹಿಡಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಅತ್ತಳು. “ಆ ಬೆಳಕು ಜಾಸ್ತಿ ದಿನ ನೋಡೋ ಯೋಗ ನನ್ನ ಸೊಸೆಗೇ ಇರ್ಲಿಲ್ಲ!” ಊರವರು ಒದ್ದೆ ಬಟ್ಟೆ ಅಂದರು, ಹಣೆಬರಹ ಅಂದರು. ಆಂಜಿನಪ್ಪ ಬಾಯಿ ಬಿಡಲಿಲ್ಲ.

ಅಲ್ಲಿಂದ ಅವನು ದರ ಹೇಳುವ ಕ್ರಮವೇ ಬದಲಾಯಿತು. ಮೊದಲು ಗುಂಡಿ, ಆಮೇಲೆ ದೀಪ. “ಗುಂಡಿ ಬೇಡ ಅಂದ್ರೆ ನಾನೂ ಬೇಡ” ಅಂತ ಸೈಕಲ್ಲು ಹತ್ತುತ್ತಿದ್ದ. ಜನ ಬೇರೆಯವರನ್ನು ಕರೆದರು. ಅರ್ಧ ಕೆಲಸ ಕೈಬಿಟ್ಟು ಹೋಯಿತು. ಸಾಲದ್ದಕ್ಕೆ, ಹಿಂದೆ ಗುಂಡಿ ಬಿಟ್ಟಿದ್ದ ಮನೆಗಳನ್ನು ನೆನಪು ಮಾಡಿಕೊಂಡು ಒಂದೊಂದಕ್ಕೇ ಹೋಗಿ, ಕೈಯಿಂದಲೇ ದುಡ್ಡು ಹಾಕಿ ತೋಡತೊಡಗಿದ. “ಮನೇಲಿ ರಾಗಿ ಇಲ್ಲ, ನಿಂಗೆ ಊರೋರ ಗುಂಡಿ ತೋಡೋ ಉಚ್ಚು ಇಡಿದದೆ,” ಅಂತ ಹೆಂಡತಿ ಪಾಪಕ್ಕ ತಲೆ ಚಚ್ಚಿಕೊಂಡಳು. ಅವಳಿಗೂ ಅವನು ಕಾರಣ ಹೇಳಲಿಲ್ಲ.

ಆರು ಮನೆ ಮುಗಿದವು. ಅಕ್ಕಯ್ಯಮ್ಮನ ಮನೆಯೊಂದು ಉಳಿದಿತ್ತು. ಅಲ್ಲಿಗೆ ಕಾಲು ಏಳಲು ಇನ್ನೂ ಒಂದು ವರ್ಷ ಬೇಕಾಯಿತು.

ಬೆಳಗ್ಗೆಯಿಂದ ಅವನು ತೋಡುವುದನ್ನು ಅಕ್ಕಯ್ಯಮ್ಮ ಜಗಲಿಯ ಮೇಲೆ ಕೂತು ನೋಡಿದಳು. ಇದ್ದಿಲು ಉಪ್ಪು ತುಂಬಿ ಪೈಪು ನಿಲ್ಲಿಸಿದ ಮೇಲೆ ಕೇಳಿದಳು: “ಎಷ್ಟಪ್ಪಾ ಇದಕ್ಕೆ?”

“ಏನೂ ಬೇಡಮ್ಮಾ.”

“ಬಿಟ್ಟಿ ಯಾಕೆ ಮಾಡ್ತೀಯ?”

ಆಂಜಿನಪ್ಪ ಹಾರೆ ಕೆಳಗಿಟ್ಟ. ಹಳೆಯ ಪೈಪಿನ ತುಂಡು ತೋರಿಸಿ ಎಲ್ಲವನ್ನೂ ಹೇಳಿದ. ಈ ಗುಂಡಿ ಅವತ್ತಿದ್ದಿದ್ದರೆ ಕದಿರಮ್ಮ ಇವತ್ತೂ ಇರುತ್ತಿದ್ದಳು ಅಂದ.

“ಅವತ್ತೇ ಯಾಕೆ ಏಳ್ಲಿಲ್ಲ? ಪುಣ್ಯಾತ್ಮ ಅಂತ ಊರೆಲ್ಲಾ ಸಾರಿದೆನಲ್ಲೋ ನಿನ್ನ!” ಅಂದವಳೇ ಅಕ್ಕಯ್ಯಮ್ಮ ಎದ್ದು ಒಳಗೆ ಹೋದಳು. ಪೊರಕೆ ತರುತ್ತಾಳೆ, ತರಲಿ ಅಂದುಕೊಂಡು ಆಂಜಿನಪ್ಪ ಅಲ್ಲೇ ನಿಂತ.

ಅವಳು ತಂದದ್ದು ಹಳೆಯ ರವಿಕೆ ಬಟ್ಟೆಯ ಒಂದು ಗಂಟು.

“ಆಲಿನ ದುಡ್ಡಲ್ಲಿ ಸೊಸೆ ಎತ್ತಿಟ್ಟಿದ್ಳು. ಸುಗ್ಗಿ ಕಳೀತು, ಗುಂಡಿ ಅಣ್ಣ ಬರ್ಲಿಲ್ಲ ಅಂತ ಎಷ್ಟು ಸಲ ಅಂದ್ಳೋ. ಬರ್ದಿದ್ರೆ ಬಿಡು, ದುಡ್ಡು ಉಳೀತು ಅಂದೆ ನಾನು. ಬ್ಯಾಡ ಅತ್ತೆ, ಮಾತು ಕೊಟ್ಟವ್ನೆ, ಬತ್ತಾನೆ ಅಂದ್ಳು.” ಗಂಟನ್ನು ಅವನ ಮಣ್ಣುಗೈಗೆ ಇಟ್ಟಳು. “ಇಸ್ಕೋ. ಎಣಿಸ್ಕೊಳ್ಳೋದೇನೂ ಬೇಡ, ಅದಿನೈದೂ ಅವಳೇ ಎಣಿಸಿ ಇಟ್ಟವ್ಳೆ.”

ಹೆಣದ ಮುಂದೆ ಅಳದಿದ್ದ ಆಂಜಿನಪ್ಪ, ಆ ಗಂಟು ಹಿಡಿದುಕೊಂಡು, ಗುಂಡಿಯ ಪಕ್ಕದಲ್ಲಿ ಕೂತು ಅತ್ತ. ಅಕ್ಕಯ್ಯಮ್ಮ ಸಮಾಧಾನ ಹೇಳಲಿಲ್ಲ.