ಸಾಯದವನಿಗೆ ಕಡೇ ಎಣ್ಣೆ

ಮೊದಲು ಹೋದದ್ದು ಚಪ್ಪಲಿ.

ಪಾದ್ರಿ ಸ್ವಾಮಿಗಳು ಬಾರದ ಭಾನುವಾರಗಳಲ್ಲಿ ನಮ್ಮೂರ ಚರ್ಚಿನಲ್ಲಿ ಪ್ರಾರ್ಥನೆ ನಡೆಸುವುದು ಉಪದೇಶಿಯಾದ ನನ್ನ ಕೆಲಸ. ಅಂದು ಬಂಡೆಯ ಮೇಲೆ ಮನೆ ಕಟ್ಟಿದ ಜಾಣ, ಮರಳಿನ ಮೇಲೆ ಕಟ್ಟಿದ ದಡ್ಡ, ಇವರಿಬ್ಬರ ಬಗ್ಗೆ ಯೇಸು ಹೇಳಿದ ಸಾಮತಿಕಥೆಯನ್ನು ವಿವರಿಸಿದ್ದೆ. ಕನಕಪುರದ ಈ ಕಡೆಯ ಊರುಗಳಲ್ಲಿ ಅದು ಕಷ್ಟದ ಪಾಠವಲ್ಲ. ಎರಡಡಿ ಅಗೆದರೆ ಬಂಡೆ ಸಿಗುತ್ತದೆ. ಇಲ್ಲಿ ದಡ್ಡನಿಗೂ ಬೇರೆ ದಾರಿಯಿಲ್ಲ. ಆದರೂ ನಂಬಿಕೆಯ ಪಾಯದ ಬಗ್ಗೆ ಸಾಕಷ್ಟು ಗಂಭೀರವಾಗಿ ಮಾತಾಡಿ, ಹೊರಗೆ ಬಂದು, ಚಪ್ಪಲಿ ಮೆಟ್ಟಿ ಮನೆಯ ಕಡೆ ನಡೆದೆ. ಹಾಲಿನ ಡೈರಿಯ ಮುಂದೆ ಕೂತಿದ್ದ ನನ್ನ ಅಕ್ಕನ ಮಗ ಇನ್ನಾಸಪ್ಪ ಕೂಗಿದ:

“ಯಾಕ್ ಮಾವ, ಒಂದ್ ಚಪ್ಲಿ ದೇವ್ರಿಗೇ ಬುಟ್ ಬಂದ್ರಾ?”

ನೋಡಿಕೊಂಡೆ. ಎಡಗಾಲು ಬರಿಗಾಲು. ಜಲ್ಲಿ ರಸ್ತೆಯಲ್ಲಿ ಅಷ್ಟು ದೂರ ಬಂದಿದ್ದೇನೆ. ಪಾದದಲ್ಲಿ ರಕ್ತ.

ನನಗೆ ಗೊತ್ತೇ ಆಗಿರಲಿಲ್ಲ.

ಕನಕಪುರದ ಡಾಕ್ಟರು ಶುಗರ್ ಇರಬೇಕೆಂದರು. ಇರಲಿಲ್ಲ. ನರದ ದೌರ್ಬಲ್ಯವೆಂದು ಇಂಜೆಕ್ಷನ್ ಕೊಟ್ಟರು. ಮರಗಟ್ಟಿದ್ದು ಪಾದದಿಂದ ಮಂಡಿಗೆ ಏರಿತು. ಬೆಂಗಳೂರಿಗೆ ಹೋಗಿ ಎಂಆರ್‌ಐ ಮಾಡಿಸಿದೆವು. ಅಲ್ಲಿನ ಡಾಕ್ಟರಮ್ಮ ಫಿಲಂ ಅನ್ನು ಬೆಳಕಿಗೆ ಹಿಡಿದು ಹೇಳಿದರು:

“ಸ್ಪೈನಲ್ ಕಾರ್ಡ್ ಪಕ್ಕ ಒಂದು ಗೆಡ್ಡೆ ಇದೆ ಸರ್. ಕ್ಯಾನ್ಸರ್ ಥರ ಕಾಣ್ತಿಲ್ಲ. ಆದರೆ ಕಾರ್ಡನ್ನ ಒತ್ತುತಾ ಇದೆ. ಸರ್ಜರಿ ಮಾಡಲೇಬೇಕು.”

“ಮಾಡಿದ ಮೇಲೆ ನಡೀತೀನಾ?”

“ಮಾಡದಿದ್ರೆ ನಡೆಯಲ್ಲ. ಮಾಡಿದ್ರೆ... ನೋಡೋಣ.”

‘ನೋಡೋಣ’ ಎಂಬ ಮಾತನ್ನು ನಾನು ಎಷ್ಟೋ ಜನರಿಗೆ ದೇವರ ಪರವಾಗಿ ಹೇಳಿದ್ದೇನೆ. ಕೇಳಿಸಿಕೊಳ್ಳುವವರ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

ಸರ್ಜರಿಗೆ ದಿನ ಕೊಟ್ಟರು. ಮನೆಗೆ ಬಂದೆವು. ಅಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದ ಹೆಂಡತಿ ಆರೋಗ್ಯಮ್ಮ ತಲೆ ಎತ್ತದೆ ಕೇಳಿದಳು: “ಸ್ವಾಮಿಗೋಳ್ನ ಕರ್ಸಿ ಎಣ್ಣೆ ಹಾಕುಸ್ಬುಡನಾ?”

ರೋಗಿಯ ಹಣೆಗೂ ಅಂಗೈಗೂ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಅದು. ನಮ್ಮೂರಲ್ಲಿ ಅದಕ್ಕೆ ‘ಕಡೇ ಎಣ್ಣೆ’ ಎಂದೇ ಹೆಸರು. ಸ್ವಾಮಿಗಳು ಎಣ್ಣೆ ಹಿಡಿದು ಒಂದು ಬಾಗಿಲು ದಾಟಿದರೆ ಹಾರೋಹಳ್ಳಿಯ ಫ್ಯಾಕ್ಟರಿಗಳಲ್ಲಿರುವ ನೆಂಟರೆಲ್ಲ ರಜೆ ಕೇಳುತ್ತಾರೆ.

“ಯಾಕೆ? ನಾನೇನ್ ಸಾಯ್ತಾ ಇದೀನಾ?” ಎಂದೆ.

ಸೊಪ್ಪಿನ ಮೇಲಿನ ಕೈ ನಿಂತಿತು. “ಅದು ಸಾಯೋರ್ಗಲ್ಲ, ಕಾಯ್ಲೆ ಬಿದ್ದೋರ್ಗೆ ಅಂತ ಊರ್ಗೆಲ್ಲಾ ಹೇಳ್ಕಂಡ್ ಬಂದೋರು ಯಾರು?”

ನಾನು.

ಎಷ್ಟು ಹಾಸಿಗೆಗಳ ಪಕ್ಕ ಮೇಣದ ಬತ್ತಿ ಹಿಡಿದು ನಿಂತಿಲ್ಲ! ಎಣ್ಣೆ ಕಂಡು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡವರಿಗೆ, ಹೆದರುವುದು ಅಜ್ಞಾನ, ಇದು ಬದುಕಿನ ಎಣ್ಣೆ ಎಂದು ಬೋಧಿಸಿದ್ದೆ. ಈಗ ನನ್ನ ಕೈಯೂ ಕಂಬಳಿಯನ್ನೇ ಹುಡುಕುತ್ತಿತ್ತು. ಕಾಲು ಹೋದರೆ ಊರುಗೋಲು ಬರುತ್ತದೆ, ಗಾಲಿ ಕುರ್ಚಿ ಬರುತ್ತದೆ. ನಂಬಿಕೆಯೇ ಹೋದರೆ ಏನು ಬರುತ್ತದೆಂದು ತಿಳಿಯಲಿಲ್ಲ. ಬಂಡೆಯ ಮೇಲೆ ಕಟ್ಟಿದ್ದೆನೋ, ಅಪ್ಪ ಹಾಕಿದ ಪಾಯದ ಮೇಲೆ ಬಾಡಿಗೆಗೆ ಇದ್ದೆನೋ ಎಂದು ಮಲಗಿದ್ದಲ್ಲೇ ಯೋಚಿಸಿದೆ. ಪ್ರಾರ್ಥನೆಯ ಮಾತುಗಳು ಬಾಯಿಗೆ ಸಲೀಸಾಗಿ ಬರುತ್ತಿದ್ದವು. ಅದೇ ಅನುಮಾನಕ್ಕೆ ಕಾರಣ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಬಚ್ಚಲಲ್ಲಿ ಬಿದ್ದೆ. ಆರೋಗ್ಯಮ್ಮ ಎತ್ತಿ ಕೂರಿಸಿದಳು. ಬೈಯಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

“ಕರ್ಸು,” ಎಂದೆ.

ಧೈರ್ಯ ಬಂದು ಹೇಳಿದ್ದಲ್ಲ. ಹೆದರಿಕೊಂಡೇ ಹೇಳಿದೆ. ಹೆದರಿದವನಿಗೂ ಅದು ಸಲ್ಲುತ್ತದೆ ಎಂಬುದನ್ನೂ ಹಿಂದೆ ನಾನೇ ಕಲಿಸಿದ್ದೆ. ಪುಣ್ಯಕ್ಕೆ ಪಾಠ ನೆನಪಿತ್ತು.

ಸ್ವಾಮಿಗಳು ಸ್ಕೂಟರಿನಲ್ಲಿ ಬಂದರು. ಹಣೆಗೆ ಎಣ್ಣೆ ಇಟ್ಟರು, ಅಂಗೈಗಳಿಗೆ ಇಟ್ಟರು. ಬೆಳಕೇನೂ ಇಳಿಯಲಿಲ್ಲ. ಎಣ್ಣೆ ತಣ್ಣಗಿತ್ತು, ಅಷ್ಟೆ. ಆದರೆ ಅಂಗೈ ಮುಚ್ಚಿದಾಗ, ಇನ್ನು ನಾನು ಹಿಡಿದು ನಿಲ್ಲಿಸಬೇಕಾದದ್ದು ಏನೂ ಇಲ್ಲ ಎನ್ನಿಸಿತು. ಪಾಯದ ಕೆಲಸ ಹೊರುವುದು. ಮನೆ ಅದನ್ನು ಹೊರಬೇಕಿಲ್ಲ. ಇಷ್ಟು ಸಣ್ಣ ವಿಷಯ ಅಷ್ಟು ವರ್ಷ ಬೋಧಿಸಿದವನಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಅಂಗಳದ ತುಂಬ ಜನ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಊರಿನ ಸಮಾಧಿ ಕೆಲಸವೆಲ್ಲ ನೋಡಿಕೊಳ್ಳುವ ಇನ್ನಾಸಪ್ಪ ಒಳಗೆ ಬಂದು ಕಿವಿಯ ಬಳಿ ಬಗ್ಗಿದ.

“ಮಾವ, ತಾತನ ಮಗ್ಗುಲಲ್ಲೇ ಜಾಗ ನೋಡಿವ್ನಿ. ಆದ್ರೆ ಅಲ್ಲಿ ಬಂಡೆ ಬತ್ತದೆ. ಒಸಿ ಮುಂಚೇನೇ ಹೇಳುದ್ರೆ ಕ್ವಾರಿಯಿಂದ ಮಿಷನ್ ತರುಸ್ಬೋದು.”

“ಬಂಡೆ ಮ್ಯಾಲೆ ಕಟ್ಟು ಅಂತವ್ರೆ ಕಣ್ಲಾ, ಬಂಡೆ ಒಳಕ್ಕೆ ಓಗು ಅಂದಿಲ್ಲ. ಓಗ್ ಕಾಪಿ ಕುಡಿ.”

ಮೊದಲು ನಕ್ಕದ್ದು ಸ್ವಾಮಿಗಳು. ಆಮೇಲೆ ಆರೋಗ್ಯಮ್ಮ. ಅಂಗಳದವರು ಮಾತ್ರ ಬಹಳ ಹೊತ್ತು ಅನುಮಾನದಿಂದಲೇ ಕಾಫಿ ಕುಡಿದರು.

ಸರ್ಜರಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆಯಿತಂತೆ. ಗೆಡ್ಡೆ ಪೂರ್ತಿ ಬಂತು. ಬಯಾಪ್ಸಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ನನ್ನನ್ನು ಮಗುವಿನಂತೆ ಗದರಿ ವಾಕರ್ ಹಿಡಿಸಿದಳು. ಬಲಗಾಲು ಮೊದಲು ಮಾತು ಕೇಳಿತು. ಎಡಗಾಲು ತಡವಾಗಿ, ಒಲ್ಲದ ಮನಸ್ಸಿನಿಂದ. ಇದನ್ನು ಪವಾಡವೆಂದು ನಾನು ಹೇಳುವುದಿಲ್ಲ. ಹೇಳಿದರೆ ಡಾಕ್ಟರಮ್ಮನ ಕೈಗೆ ಮಾಡಿದ ಅನ್ಯಾಯ. ಆ ಕೈಯನ್ನು ಕೊಟ್ಟವನಿಗೆ ಬೇರೆಯಾಗಿ ವಂದಿಸಿದ್ದೇನೆ.

ಮತ್ತೆ ಚರ್ಚಿಗೆ ಹೋದ ದಿನ ನೆಲದ ಕಲ್ಲುಚಪ್ಪಡಿ ಎಡಪಾದಕ್ಕೆ ತಣ್ಣಗೆ ತಾಗಿತು. ಅರ್ಧ ಪಾದಕ್ಕೆ. ಉಳಿದರ್ಧಕ್ಕೆ ಇನ್ನೂ ಸುದ್ದಿ ತಲುಪಿಲ್ಲ. ಅಲ್ಲೇ ಒಂದಿಷ್ಟು ಹೊತ್ತು ನಿಂತೆ.

ಊರಲ್ಲಿ ಈಗ ಬೇರೆ ತೊಂದರೆ. ಮಂಡಿನೋವಿಗೂ ಸ್ವಾಮಿಗಳಿಗೆ ಫೋನು ಹೋಗುತ್ತಿದೆ. “ಎಣ್ಣೆ ಹಾಕುಸ್ಕಂಡ್ ಉಪದೇಸಿ ಬದುಕ್ಲಿಲ್ವಾ?” ಎಂದು ಕೇಳುತ್ತಾರಂತೆ. ಅಷ್ಟು ವರ್ಷದ ಬೋಧನೆಯಿಂದ ಆಗದ್ದು, ನಾನು ಸಾಯದೆ ಉಳಿದದ್ದರಿಂದ ಆಯಿತು.

ಪಾಯದ ಬಗ್ಗೆ ನನಗೀಗ ಅನುಮಾನವಿಲ್ಲ. ಆದರೂ ಚರ್ಚಿನಿಂದ ಹೊರಡುವಾಗ ಒಮ್ಮೆ ಬಗ್ಗಿ ನೋಡಿಕೊಳ್ಳುತ್ತೇನೆ, ಎರಡೂ ಚಪ್ಪಲಿ ಕಾಲಲ್ಲಿವೆಯೇ ಎಂದು.